ಕಾರಿಗೆ ಹರಳೆಣ್ಣೆ

ಚನ್ನವೀರಪ್ಪನವರು ಸ್ಕೂಲ್ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ನೌಕರಿ ಅವರನ್ನು ಬಿಟ್ಟಿತ್ತು, ತನಿಖೆ ಬಿಟ್ಟಿರಲಿಲ್ಲ. ರಾಜಾಜಿನಗರದಲ್ಲಿ ರಸ್ತೆಗಿಂತ ಕೆಂಪು ಧೂಳೇ ಹೆಚ್ಚಾಗಿದ್ದ ಐವತ್ತರ ದಶಕದಲ್ಲಿ ಅಲ್ಲೊಂದು ಮನೆ ಕಟ್ಟಿಸಿದರು. ಒಂದು ಭಾಗದಲ್ಲಿ ತಾವು ಗಂಡ ಹೆಂಡತಿ ಇದ್ದು, ಇನ್ನೊಂದನ್ನು ನನಗೆ ಬಾಡಿಗೆಗೆ ಕೊಟ್ಟರು. ಗಾಳಿ ಬೆಳಕು ಚೆನ್ನಾಗಿ ಬರುತ್ತಿದ್ದ ಮೂರನೆಯ ಭಾಗವನ್ನು ಕಾರಿಗೆ ಬಿಟ್ಟುಕೊಟ್ಟರು.

ಅದು ಇಂಗ್ಲೆಂಡಿನ ಕಾರು. ಕಂಪನಿಯ ಹೆಸರು ಹೇಳಿ ಸತ್ತವರ ಮಾನ ಕಳೆಯುವುದು ಬೇಡ. ಸ್ವಾತಂತ್ರ್ಯ ಬಂದ ವರ್ಷ ಊರು ಬಿಟ್ಟು ಹೊರಟಿದ್ದ ಕಾಫಿ ತೋಟದ ದೊರೆಯೊಬ್ಬನಿಂದ ಕೊಂಡದ್ದು. ಮಂಚ, ಕನ್ನಡಿ, ನಾಯಿ ಎಲ್ಲವನ್ನೂ ಹಡಗಿಗೆ ಹಾಕಿಸಿಕೊಂಡ ದೊರೆ ಇದೊಂದನ್ನು ಯಾಕೆ ಬಿಟ್ಟು ಹೋದ ಎಂಬ ತನಿಖೆಯನ್ನು ಮಾತ್ರ ಇನ್ಸ್‌ಪೆಕ್ಟರ್ ಸಾಹೇಬರು ಮಾಡಲಿಲ್ಲ. ಕಾರು ಪ್ರತಿ ಭಾನುವಾರ ಸ್ನಾನ ಮಾಡಿ, ಹಳೆಯ ಸೀರೆ ಹೊದ್ದು ಮಲಗುತ್ತಿತ್ತು. ಎಂದಾದರೂ ಹೊರಗೆ ಹೊರಟರೆ ಮಾಗಡಿ ರಸ್ತೆಯ ತಿರುವು ಬರುವಷ್ಟರಲ್ಲಿ ಮೂತಿಯಿಂದ ಹಬೆ ಬಿಡುತ್ತಿತ್ತು. ಆಗ ಅದನ್ನು ವಾಪಸ್ಸು ತಳ್ಳುವವನು ನಾನು. ಬಾಡಿಗೆ ಕರಾರಿನಲ್ಲಿ ಬರೆಯದಿದ್ದ ಷರತ್ತು ಅದೊಂದೇ.

ಮನೆಯೊಡತಿ ಬಸವರಾಜೇಶ್ವರಮ್ಮನವರಿಗೆ ಕಾರಿನಿಂದ ಬೇಕಾಗಿದ್ದುದು ಒಂದೇ ಕೆಲಸ. ಅವರ ಅಕ್ಕ ಗಿರಿಜಾದೇವಿ ಕೆಂಗೇರಿಯಲ್ಲಿದ್ದರು. ಗಂಡ ತೀರಿಹೋಗಿದ್ದರು, ಮಂಡಿ ಎರಡೂ ಹೋಗಿದ್ದವು. ಬಸ್ಸಿನ ಮೆಟ್ಟಿಲು ಹತ್ತಲಾಗದು, ಜಟಕಾದಲ್ಲಿ ಕಾಲು ಮಡಚಿ ಕೂರಲಾಗದು. ತಂಗಿಯ ಹೊಸ ಮನೆಯ ಹೊಸ್ತಿಲನ್ನು ಅವರು ಕಂಡೇ ಇರಲಿಲ್ಲ. "ಕಾರಲ್ಲಿ ಕರ್ಕೊಂಡು ಬರ್ತೀನಕ್ಕ, ಕಾಲು ಇಳಿಬಿಟ್ಕೊಂಡು ರಾಣಿ ಹಂಗೆ ಕೂತಿರು" ಎಂದು ತಂಗಿ ಮಾತು ಕೊಟ್ಟಿದ್ದರು. ಆ ಮಾತಿಗೆ ವಯಸ್ಸಾಗುತ್ತಿತ್ತು, ಅಕ್ಕನಿಗೂ ಆಗುತ್ತಿತ್ತು. ದೀಪಾವಳಿ ಹತ್ತಿರ ಬಂದಾಗಲೆಲ್ಲ ಬಸವರಾಜೇಶ್ವರಮ್ಮನವರು ಗಂಡನನ್ನು ಕೇಳುವರು. "ಎಣ್ಣೆ ಯಾವುದು ಅಂತ ಗೊತ್ತಾಗಲಿ, ಆಮೇಲೆ ಹೋಗೋಣ" ಎನ್ನುವರು ಇವರು.

ಹೌದು, ಇಡೀ ವಿಷಯ ನಿಂತಿದ್ದು ಇಂಜಿನ್ ಎಣ್ಣೆಯ ಮೇಲೆ. ಕಾರಿನ ಜೊತೆ ಬಂದ ಪುಸ್ತಕದಲ್ಲಿ, ಸೆಕೆಯ ದೇಶಗಳಲ್ಲಿ ಇಂಥ ನಂಬರಿನ ಎಣ್ಣೆ ಹಾಕಿ ಎಂದು ಒಂದೇ ಸಾಲಿನಲ್ಲಿ ಅಚ್ಚಾಗಿತ್ತು. ಒಂದು ಸಾಲಿನಲ್ಲಿ ಮುಗಿಯುವ ಸಂಗತಿಯನ್ನು ಇನ್ಸ್‌ಪೆಕ್ಟರಾಗಿದ್ದವರು ಒಪ್ಪುವುದುಂಟೆ?

"ಸೆಕೆ ಅಂದ್ರೆ ಅವರಿಗೇನ್ ಗೊತ್ತು ಕಣ್ರೀ. ಅಲ್ಲಿ ಕೂತು ಬರ್ದಿರೋದು" ಎಂದು ಪುಸ್ತಕವನ್ನೇ ಫೇಲು ಮಾಡಿದರು.

ಹೀಗಾಗಿ ಸಂಜೆ ಅವರ ಜಗುಲಿಯಲ್ಲಿ ಎಣ್ಣೆಯ ಸಭೆ ಸೇರುತ್ತಿತ್ತು. ಎದುರು ಮನೆಯ ಶ್ಯಾಮಸುಂದರ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್. ಅವನು ದಪ್ಪ ಎಣ್ಣೆಯ ಪಕ್ಷ. ಪಕ್ಕದ ಮನೆಯ ಸೇತುರಾಮ ರೈಲ್ವೆ ಕಚೇರಿಯಲ್ಲಿ ಗುಮಾಸ್ತ, ಸ್ವಂತಕ್ಕೆ ಒಂದು ಸೈಕಲ್ಲೂ ಇಲ್ಲ, ಆದ್ದರಿಂದ ಯಾವ ಗಾಡಿಯ ಬಗ್ಗೆಯೂ ನಿಷ್ಪಕ್ಷಪಾತವಾಗಿ ಮಾತಾಡಬಲ್ಲ. ಅವನು ತೆಳು ಎಣ್ಣೆಯ ಪಕ್ಷ. ಕಾಫಿ ಮಾತ್ರ ಇಬ್ಬರಿಗೂ ದಪ್ಪಗೇ ಬೇಕಿತ್ತು. ಅದನ್ನು ಮಾಡಿ ಮಾಡಿ ಬಸವರಾಜೇಶ್ವರಮ್ಮನವರಿಗೆ ಸಾಕಾಗಿಹೋಗಿತ್ತು.

ಆ ವರ್ಷ ಹಬ್ಬಕ್ಕೆ ಮುಂಚೆ ಚನ್ನವೀರಪ್ಪನವರಿಗೇ ಜ್ಞಾನೋದಯವಾಯಿತು. ಶನಿವಾರ, ಅವರ ಎಣ್ಣೆ ಸ್ನಾನದ ದಿನ. ಹೆಂಡತಿ ನೆತ್ತಿಗೆ ಹರಳೆಣ್ಣೆ ಹಾಕಿ ತಟ್ಟುತ್ತಿದ್ದರು. ಕಣ್ಣುರಿ ಇಳಿಯಿತು, ತಲೆ ತಣ್ಣಗಾಯಿತು. ಎಣ್ಣೆ ಸುರಿಯುತ್ತಿದ್ದ ಮೈಯಲ್ಲೇ ಅಂಗಳಕ್ಕೆ ಬಂದು ನನ್ನನ್ನು ಕೂಗಿದರು.

"ನಮ್ಮ ಕಾರಿಗೆ ಆಗಿರೋದು ಉಷ್ಣ ಕಣ್ರೀ. ಬರೀ ಉಷ್ಣ."

"ಸಾರ್, ಅದು ಕಬ್ಬಿಣ" ಎಂದೆ ನಾನು.

"ಕಬ್ಬಿಣ ಕಾಯಲ್ವೇನ್ರೀ? ಕಾಯೋದಕ್ಕೆಲ್ಲ ತಂಪು ಬೇಕು. ತಂಪು ಅಂದ್ರೆ ಹರಳೆಣ್ಣೆ."

ಸಂಜೆ ಸಭೆಗೆ ವಿಷಯ ಬಂತು. ಮೊದಲನೆಯ ಯುದ್ಧದಲ್ಲಿ ವಿಮಾನಗಳಿಗೆ ಹರಳೆಣ್ಣೆಯನ್ನೇ ಹಾಕುತ್ತಿದ್ದರೆಂದು ಸೇತುರಾಮ ಎಲ್ಲಿಯೋ ಓದಿದ್ದ. ಅದು ಅಷ್ಟರಮಟ್ಟಿಗೆ ನಿಜವೂ ಹೌದಂತೆ. ಅರ್ಧ ನಿಜಕ್ಕೆ ಸಿಗುವಷ್ಟು ಮರ್ಯಾದೆ ನಮ್ಮ ಬಡಾವಣೆಯಲ್ಲಿ ಪೂರ್ತಿ ನಿಜಕ್ಕೆ ಎಂದೂ ಸಿಕ್ಕಿಲ್ಲ. ಫೋರ್‌ಮನ್ ಶ್ಯಾಮಸುಂದರನೂ, ಹರಳೆಣ್ಣೆ ದಪ್ಪಗಿರುವುದರಿಂದ ಗೆದ್ದದ್ದು ತಾನೇ ಎಂದು ಒಪ್ಪಿಬಿಟ್ಟ.

ಉಳಿದದ್ದು ದಿನದ ಪ್ರಶ್ನೆ. ಎಣ್ಣೆ ಸ್ನಾನಕ್ಕೆ ಗಂಡಸರದು ಶನಿವಾರ, ಹೆಂಗಸರದು ಶುಕ್ರವಾರ. ಕಾರು ಗಂಡೋ ಹೆಣ್ಣೋ? ಇಂಗ್ಲಿಷಿನವರು ಗಾಡಿಯನ್ನು ಹೆಣ್ಣೆನ್ನುತ್ತಾರೆ ಎಂದ ಸೇತುರಾಮ. ತಮ್ಮ ಹೆಸರಿನಲ್ಲಿ ರಿಜಿಸ್ಟರ್ ಆಗಿರುವುದರಿಂದ ಗಂಡೇ ಎಂದು ಇನ್ಸ್‌ಪೆಕ್ಟರ್ ತೀರ್ಪು ಕೊಟ್ಟರು. ಶನಿವಾರ ಎಣ್ಣೆ ಕೊಂಡು ತರಬಾರದಲ್ಲ, ಅದಕ್ಕೆ ಶುಕ್ರವಾರವೇ ಡಬ್ಬ ಬಂತು. ಮರುದಿನ ಬೆಳಿಗ್ಗೆ ಕಾರಿನ ಅಭ್ಯಂಜನವಾಯಿತು. ಹಳೆಯ ಎಣ್ಣೆಯನ್ನು ಪೂರ್ತಿ ಇಳಿಸಲಿಲ್ಲ. ಮೊಸರಿಗೆ ಹೆಪ್ಪು ಉಳಿಸುವಂತೆ ಒಂದಿಷ್ಟು ತಳದಲ್ಲಿ ಬಿಟ್ಟು, ಮೇಲೆ ಹರಳೆಣ್ಣೆ ಸುರಿದರು.

ಭಾನುವಾರ ನಾವು ಮೂವರೂ ಕೆಂಗೇರಿಗೆ ಹೊರಟೆವು. ನನ್ನನ್ನು ಯಾಕೆ ಕರೆದರೆಂದು ಬೇರೆ ಹೇಳಬೇಕಿಲ್ಲ. ನನ್ನ ಗ್ರಹಚಾರ ನೋಡಿ, ಕಾರು ಓಡಿತು. ಮಾಗಡಿ ರಸ್ತೆ ದಾಟಿತು, ಮೈಸೂರು ರಸ್ತೆಗೆ ಬಂತು, ಹಬೆ ಬರಲಿಲ್ಲ. ಬಾಣಂತಿ ಕೋಣೆಯ ವಾಸನೆ ಹರಡುತ್ತ ಹೋಯಿತು, ಅಷ್ಟೆ. ಚನ್ನವೀರಪ್ಪನವರು ಜರಿ ಪೇಟ ಸರಿಮಾಡಿಕೊಂಡು, ದಾರಿಯಲ್ಲಿ ಕಂಡ ಎಮ್ಮೆಗೂ ಹಾರನ್ ಹೊಡೆದರು.

ಗಿರಿಜಾದೇವಿಯವರು ಬೆಳಗಿನಿಂದ ರೇಷ್ಮೆ ಸೀರೆಯುಟ್ಟು ಕಾದಿದ್ದರು. ಹೋಳಿಗೆ ಊಟವಾಯಿತು. ಆಮೇಲೆ ತಂಗಿಯ ಭುಜ ಹಿಡಿದು, ಮೆಲ್ಲಗೆ ಹಿಂದಿನ ಸೀಟಿಗೆ ಹತ್ತಿ, ಕಾಲು ಇಳಿಬಿಟ್ಟು ಕೂತರು. ಮಡಿಲಲ್ಲೊಂದು ಬಟ್ಟೆಯ ಗಂಟು. ಇಂಜಿನ್ ಚಾಲೂ ಮಾಡಲು ಚನ್ನವೀರಪ್ಪನವರು ಕಾರಿನ ಮೂತಿಗೆ ಹ್ಯಾಂಡಲ್ ಹಾಕಿ ತಿರುಗಿಸಿದರು. ಅದು ಅಲ್ಲಾಡಲಿಲ್ಲ. ನಾನು ತಿರುಗಿಸಿದೆ. ನನ್ನ ಸೊಂಟ ತಿರುಗಿತು, ಹ್ಯಾಂಡಲ್ ತಿರುಗಲಿಲ್ಲ. ಎಣ್ಣೆ ನೋಡುವ ಕಡ್ಡಿ ಎಳೆದರೆ ಅದಕ್ಕೆ ಹಲಸಿನ ಅಂಟಿನಂಥದ್ದು ಮೆತ್ತಿಕೊಂಡು ಬಂತು. ಹರಳೆಣ್ಣೆಯನ್ನು ಬೇರೆ ಎಣ್ಣೆಗೆ ಬೆರೆಸಬಾರದೆಂಬ ಉಳಿದರ್ಧ ನಿಜವನ್ನು ಸೇತುರಾಮ ಓದಿರಲಿಲ್ಲ. ಹೆಪ್ಪು ಚೆನ್ನಾಗಿಯೇ ಹಿಡಿದಿತ್ತು.

ಪಕ್ಕದ ಹೊಲದ ಬೈರಪ್ಪ ಬಂದು ನೋಡಿದ. ಅವನಿಗೆ ಇಂಜಿನ್ ಬಗ್ಗೆ ಏನೂ ಗೊತ್ತಿರಲಿಲ್ಲ, ಗೊತ್ತಿದೆಯೆಂದು ಹೇಳಲೂ ಇಲ್ಲ. ಆ ಒಂದು ಕಾರಣಕ್ಕೇ ನನಗೆ ಅವನು ಇಷ್ಟವಾದ.

"ಗಾಡಿ ಕಟ್ಲಾ ಸ್ವಾಮಿ? ಅಮ್ಮೋರನ್ನ ಹುಲ್ಲು ಹಾಸಿ ಕೂರಿಸ್ಕೊಂಡು ಹೋಗ್ತೀನಿ."

"ಗಾಡೀಲಿ ಕಾಲು ಮಡಚಕ್ಕೆ ಆಗಲ್ಲಪ್ಪ" ಎಂದರು ಗಿರಿಜಾದೇವಿ. ತಂಗಿಯ ಕಡೆ ತಿರುಗಿ, "ಹೋಗ್ಲಿ ಬಿಡೇ. ಕಾರಲ್ಲಿ ಕೂತಿದ್ದಾಯ್ತಲ್ಲ. ಇಳಿಸು ನನ್ನ" ಎಂದರು. ಆದರೆ ಗಂಟನ್ನು ಹಿಡಿದಿದ್ದ ಕೈ ಸಡಿಲವಾಗಲಿಲ್ಲ. ಆ ಮನುಷ್ಯನನ್ನೂ ಅವನ ಹರಳೆಣ್ಣೆಯನ್ನೂ ಮನಸ್ಸಿನಲ್ಲೇ ಬೈದೆ.

ಬೈರಪ್ಪ ತಲೆ ಕೆರೆದುಕೊಂಡ. "ಹಂಗಾದ್ರೆ ಎತ್ತನ್ನ ಇದಕ್ಕೇ ಕಟ್ಟಾನ. ಚಕ್ರ ಉರುಳ್ತವಲ್ಲ."

ಚನ್ನವೀರಪ್ಪನವರ ಮುಖ ಬಿಳಿಚಿತು. ಜಿಲ್ಲೆಯ ಮೇಷ್ಟರುಗಳನ್ನೆಲ್ಲ ನಡುಗಿಸಿದ್ದ ಮನುಷ್ಯ. ಅವರ ಕಾರಿಗೆ ಎತ್ತು. ಅದೂ ಭಾನುವಾರ ಸಂಜೆ, ರಾಜಾಜಿನಗರಕ್ಕೆ ರಾಜಾಜಿನಗರವೇ ಕಾಂಪೌಂಡಿಗೆ ಒರಗಿ ನಿಂತಿರುವ ಹೊತ್ತಿನಲ್ಲಿ.

"ಕತ್ತಲಾದ ಮೇಲೆ ಹೊರಡೋಣ" ಎಂದರು.

"ಕತ್ತಲಲ್ಲಿ ಆಗಕಿಲ್ಲ ಸ್ವಾಮಿ. ಲಾರಿ ಓಡಾಡ್ತವೆ. ಹೊಂಟ್ರೆ ಈಗ್ಲೇ."

"ಹಾಗಾದ್ರೆ ಮುಂದಿನ ಹಬ್ಬಕ್ಕೆ ನೋಡೋಣ. ಅಷ್ಟರಲ್ಲಿ ಬೇರೆ ಎಣ್ಣೆ…"

"ಏನ್ರೀ" ಎಂದರು ಬಸವರಾಜೇಶ್ವರಮ್ಮ. ಆಕೆ ಜೋರಾಗಿ ಮಾತಾಡಿದ್ದನ್ನು ನಾನು ಕೇಳಿದವನಲ್ಲ, ಆಗಲೂ ಜೋರು ಮಾಡಲಿಲ್ಲ. "ಇಷ್ಟು ವರ್ಷ ನಿಮ್ಮ ಕಾರಿನ ಮರ್ಯಾದೆ ಕಾಯ್ದೀನಿ. ಬಂದವರಿಗೆಲ್ಲ ಕಾಫಿ ಕೊಟ್ಟೀನಿ, ನನ್ನ ಸೀರೆ ಹೊದಿಸೀನಿ. ಇವತ್ತೊಂದು ದಿನ ನನ್ನ ಮಾತಿನ ಮರ್ಯಾದೆ ಕಾಯ್ರಿ. ಅಕ್ಕ ಮುಂದಿನ ಹಬ್ಬಕ್ಕೆ ಇರ್ತಾಳೋ ಇಲ್ವೋ."

ಚನ್ನವೀರಪ್ಪನವರು ಕಾರಿನ ಮುಂದೆ ಬಂದರು. ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು, ನೆಲಕ್ಕೆ ಮಂಡಿಯೂರಿ, ಬಂಪರಿಗೆ ಹಗ್ಗವನ್ನು ತಾವೇ ಬಿಗಿದರು. ಗಂಟು ಸರಿಯಾಗಿರಲಿಲ್ಲ, ಬೈರಪ್ಪ ಬಿಚ್ಚಿ ಮತ್ತೆ ಹಾಕಿದ. ಆದರೂ ಮೊದಲು ಹಾಕಿದವರು ಅವರೇ.

ಮೈಸೂರು ರಸ್ತೆಯುದ್ದಕ್ಕೂ ಮೆರವಣಿಗೆ. ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು. ಸ್ಟೀರಿಂಗ್ ಹಿಡಿದ ಚನ್ನವೀರಪ್ಪನವರು ಎದುರಿಗಿದ್ದ ಎರಡು ಬಾಲಗಳನ್ನು ಬಿಟ್ಟು ಏನನ್ನೂ ನೋಡಲಿಲ್ಲ. ಅಕ್ಕ ತಂಗಿ ಹಿಂದೆ ಕೂತು ತವರಿನ ಮಾತಿನಲ್ಲಿ ಮುಳುಗಿದ್ದರು. ಎತ್ತು ಎಳೆಯುತ್ತಿದೆಯೋ ಎಣ್ಣೆ ಎಳೆಯುತ್ತಿದೆಯೋ ಅವರಿಗೆ ಬೇಕಾಗಿಯೇ ಇರಲಿಲ್ಲ. ಬೈರಪ್ಪನ ಜೊತೆ ನಡೆದು ನನ್ನ ಚಪ್ಪಲಿ ಸವೆಯಿತು. ನಿಜ ಹೇಳಬೇಕೆಂದರೆ, ಕಾರನ್ನು ತಳ್ಳುವುದಕ್ಕಿಂತ ಇದೇ ಸುಖ.

ದೀಪ ಹಚ್ಚುವ ಹೊತ್ತಿಗೆ ನಮ್ಮ ಬೀದಿಗೆ ಬಂದೆವು. ಶ್ಯಾಮಸುಂದರ ನಗು ತಡೆಯಲು ಪತ್ರಿಕೆ ಮುಖಕ್ಕೆ ಹಿಡಿದ. ಸೇತುರಾಮ ಏನೂ ಹಿಡಿಯಲಿಲ್ಲ. ಅವನ ಹೆಂಡತಿ ಅಂಬುಜಾ ಗೇಟಿನ ಬಳಿಗೇ ಬಂದು ಕೇಳಿದಳು, "ಇದೇನಮ್ಮಾ, ಕಾರಿಗೆ ಎತ್ತು ಕಟ್ಟಿದೀರಾ?"

ಚನ್ನವೀರಪ್ಪನವರ ಕಿವಿ ಕೆಂಪಾಗಿದ್ದು ಆ ಮಬ್ಬಿನಲ್ಲೂ ನನಗೆ ಕಂಡಿತು. ಬಸವರಾಜೇಶ್ವರಮ್ಮ ಕಾರಿನಿಂದ ಇಳಿದು, ಸೆರಗು ಸರಿಮಾಡಿಕೊಂಡು, ಬೀದಿಗೆಲ್ಲ ಕೇಳುವಂತೆ ಹೇಳಿದರು.

"ನಮ್ಮಕ್ಕ ಬಂದಾಳ ಕಣಮ್ಮ. ನಮ್ಮನೆಯವರು ಕಾರಲ್ಲೇ ಕರ್ಕೊಂಡು ಬಂದ್ರು."

ಸೇತುರಾಮನ ನಗು ನಿಂತಿತು. ಚನ್ನವೀರಪ್ಪನವರು ಇಳಿದು, ಪೇಟ ತೆಗೆದು ಮುಂದಿನ ಸೀಟಿನ ಮೇಲಿಟ್ಟರು. ಹಿಂದಿನ ಬಾಗಿಲು ತೆರೆದು, "ಬರ್ರಿ ಅಕ್ಕಾರ, ನಿಧಾನ" ಎಂದು ಗಿರಿಜಾದೇವಿಯವರಿಗೆ ತಮ್ಮ ಭುಜ ಕೊಟ್ಟರು.