ಗಾಳಿ ಹಿಡಿದ ಕಂಪ್ಯೂಟರ್

ಸಂಸೆಯ ಫೋಟೋಗ್ರಾಫರ್ ರಮೇಶನ ಕಂಪ್ಯೂಟರ್ ನೀರಿನಿಂದ ತಣಿಯುವಂಥದ್ದು. ಪ್ರೊಸೆಸರ್ ತೊಂಬತ್ತೇಳು ಡಿಗ್ರಿ ಮುಟ್ಟಿ ಆಫ್ ಆಗುತ್ತಿತ್ತು. ಮರುದಿನವೇ ಅವನು ಮದುವೆಯ ವಿಡಿಯೊ ಕೊಡಬೇಕು. ರಿಪೇರಿಗೆ ಹೋಗಿದ್ದ ನಾನು ಪ್ರೊಸೆಸರ್‌ನ ಶಾಖ ಸಾಗಿಸುವ ಪೇಸ್ಟ್ ಬದಲಿಸಿದೆ, ಫ್ಯಾನ್ ನೋಡಿದೆ. ಕೊನೆಗೆ, "ನೀರು ತಿರುಗಿಸೋ ಪಂಪ್ ಹೋಗಿದೆ. ಹೊಸದು ಬರಲು ವಾರ ಬೇಕು" ಎಂದುಬಿಟ್ಟೆ.

ಕಿಟಕಿಯಾಚೆ ಮಂಜು ಕಾಫಿ ಗಿಡಗಳನ್ನು ಒಂದೊಂದಾಗಿ ಅಳಿಸುತ್ತಿತ್ತು. ಕಂಪ್ಯೂಟರ್ ಪೆಟ್ಟಿಗೆಯೊಳಗೆ ಎಲ್ಲೋ ದೂರದ ಹಳ್ಳದಂತೆ ಗುಳುಗುಳು ಸದ್ದು.

ಕಾಫಿ ತಂದ ರಮೇಶನ ಅಕ್ಕ ಪಾರ್ವತಿ ಕಿವಿಗೊಟ್ಟು ನಿಂತರು. "ಗಾಳಿ ಹಿಡ್ದಿದೆ ಸಾರ್. ಗುಡ್ಡದಿಂದ ಮನೆಗೆ ನೀರು ಬರೋ ಪೈಪೂ ಹೀಗೇ ಗೊಣಗತ್ತೆ. ಎತ್ತಿ ಓರೆ ಮಾಡಿ."

"ಸುಮ್ನಿರು ಮಾರಾಯ್ತಿ," ಎಂದ ರಮೇಶ.

"ಇದು ಗುಡ್ಡದ ಪೈಪಲ್ಲಮ್ಮ," ಎಂದೆ ನಾನು.

"ನೀರು ಹೋಗೋದು ಪೈಪಲ್ಲೇ ಅಲ್ವಾ?"

ಗಾಳಿ ಮೇಲೇರಲೆಂದು, ನೀರು ತಣಿಸುವ ರೇಡಿಯೇಟರ್ ಮೇಲೆ ಬರುವಂತೆ ಪೆಟ್ಟಿಗೆಯನ್ನು ಓರೆಯಾಗಿ ಹಿಡಿದು ಆನ್ ಮಾಡಿದೆವು. ಗುಳುಕ್ ಎಂದಿತು, ಆಮೇಲೆ ಮಂಜಿನಷ್ಟೇ ಮೌನ. ಅಂಕಿ ಅರವತ್ತಕ್ಕಿಳಿದು ಅಲ್ಲೇ ನಿಂತಿತು. ರಮೇಶ ಆಗಲೇ ವಿಡಿಯೊ ತೆರೆದಿದ್ದ.

ನಮ್ಮ ಸರ್ವಿಸ್ ರಿಪೋರ್ಟಿನಲ್ಲಿ 'ದೋಷ ಕಂಡುಹಿಡಿದವರು' ಎಂಬ ಕಾಲಂ ಇದೆ. ನಾನು ಸುಳ್ಳು ಬರೆಯುವವನಲ್ಲ. 'ಪಾರ್ವತಿ, ಸಂಸೆ' ಎಂದು ಬರೆದೆ. ಆ ಎಂಜಿನಿಯರನ್ನು ಮೂಡಿಗೆರೆಗೂ ಕಳಿಸಬಹುದೇ ಎಂದು ಚಿಕ್ಕಮಗಳೂರಿನ ಆಫೀಸಿನವರು ಇವತ್ತಿಗೂ ಕೇಳುತ್ತಾರೆ.