ಕೈಗೆ ಏನೂ ಹತ್ತದ ಬಾಗಿಲು

ನಮ್ಮ ಯಜಮಾನರು ಔರಾದ–ಬೀದರ ಬಸ್ಸು ಓಡಿಸಿ ನಿವೃತ್ತರಾದವರು. ಕೆಲಸ ಬಿಟ್ಟ ಗಂಡಸರಿಗೆ ಮನೆಯಲ್ಲಿ ತಪ್ಪು ಹುಡುಕುವುದೇ ಒಂದು ನೌಕರಿ. ಔರಾದದ ನಮ್ಮ ಮನೆಯಲ್ಲಿ ಇವರಿಗೆ ಸಿಕ್ಕದ್ದು ನನ್ನ ಅಡುಗೆಮನೆಯ ಕಪಾಟು. ಗೋಡೆಯುದ್ದಕ್ಕೂ ಕಟ್ಟಿಗೆಯ ಬಾಗಿಲುಗಳು, ಅವುಗಳ ಮೇಲೆ ವರ್ಷಗಳ ಒಗ್ಗರಣೆಯ ಜಿಡ್ಡು, ಅಲ್ಲಲ್ಲಿ ಎದ್ದ ಬಣ್ಣ.

"ಮಂದಿ ಮನಿಗಿ ಬಂದ್ರ ನಾಚಿಕಿ ಬರ್ತದ. ನಾನೇ ಬಣ್ಣ ಹಚ್ತೇನಿ" ಅಂದರು.

ನನಗೆ ಅದು ಬೇಡವಾಗಿತ್ತು. ಬೇಡವೆಂದರೆ ಕಾರಣ ಹೇಳಬೇಕಲ್ಲ!

ನನಗೆ ಕಣ್ಣು ಕಾಣುವುದು ಕಡಿಮೆಯಾಗುತ್ತ ಬಂದಿತ್ತು. ಭಾಲ್ಕಿಯ ಮಗಳ ಮನೆಗೆ ಹೋಗುವ ನೆಪದಲ್ಲಿ ಬೀದರದಲ್ಲಿ ಇಳಿದು, ಒಬ್ಬಳೇ ಡಾಕ್ಟರಿಗೆ ತೋರಿಸಿದ್ದೆ. ಕಣ್ಣಿನ ನರ ಸೋಲುತ್ತಿದೆ, ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಕಾಯಲು ಹನಿ ಹಾಕಿಕೊಳ್ಳಿ ಅಂದಿದ್ದರು. ಈಗೀಗ ಹನಿಯಿಂದಲೂ ಉಪಯೋಗವಾಗುತ್ತಿರಲಿಲ್ಲ. ಹನಿಯ ಸೀಸೆ ಯಾಕೆಂದು ಇವರು ಕೇಳಿದಾಗ, ಈರುಳ್ಳಿಗೆ ಕಣ್ಣು ಉರಿಯುತ್ತವೆ ಅಂದಿದ್ದೆ.

ಮುಚ್ಚಿಟ್ಟದ್ದು ನಮ್ಮ ಆಯಿಯನ್ನು ನೋಡಿದ್ದರಿಂದ. ನನ್ನ ತವರು ಭಾತಂಬ್ರಾದಲ್ಲಿ ತಂದೆಯ ತಾಯಿಗೆ ಕಣ್ಣು ಹೋದ ಮೇಲೆ ಮನೆಯವರು ಅವಳನ್ನು ಬಹಳ ಚೆನ್ನಾಗಿ ನೋಡಿಕೊಂಡರು. ಒಲೆಯ ಹತ್ತಿರ ಬಿಡಲಿಲ್ಲ, ಜೋಳ ಹಸನು ಮಾಡಲೂ ಕೊಡಲಿಲ್ಲ. ಕೂತಲ್ಲಿಗೇ ತಾಟು ಬರುತ್ತಿತ್ತು. ಓಣಿಗೆಲ್ಲ ಬೈದು ಬುದ್ಧಿ ಹೇಳುತ್ತಿದ್ದ ಹೆಂಗಸು ಬರಬರುತ್ತ ಮಾತನ್ನೇ ಬಿಟ್ಟಳು. ಕುರುಡುತನಕ್ಕಿಂತ ಹೆಚ್ಚು ನಾನು ಹೆದರಿದ್ದು ಆ ಆರೈಕೆಗೆ.

ಅದಕ್ಕೇ ನನ್ನ ಅಡುಗೆಮನೆಯನ್ನು ಕೈಯಿಂದ ಕಲಿತುಕೊಂಡಿದ್ದೆ. ಬಿಸಿ ಬೋಗುಣಿ ತಾಗಿ ಗುಳ್ಳೆಯೆದ್ದ ಬಾಗಿಲು ಬೇಳೆಯದು. ಅಂಚಿನ ಚಕ್ಕೆ ಹಾರಿದ್ದು ಹಿಟ್ಟಿನದು. ಮಗಳು ಚಿಕ್ಕವಳಿದ್ದಾಗ ಮೊಳೆಯಿಂದ ಗೀಚಿದ್ದು ಬೆಲ್ಲದ್ದು. ಬೆರಳಿಟ್ಟರೆ ಸಾಕಾಗುತ್ತಿತ್ತು.

ಇವರೋ ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವವರಲ್ಲ. ಬಾಗಿಲುಗಳನ್ನು ಬಿಚ್ಚಿ ಮಾಳಿಗೆಗೆ ಒಯ್ದು, ಸೋಡಾ ನೀರಿನಲ್ಲಿ ಜಿಡ್ಡು ತೊಳೆದರು. ಪಾಲಿಶ್ ಕಾಗದದಿಂದ ತಿಕ್ಕಿದರು, ತಗ್ಗಿಗೆಲ್ಲ ಪುಟ್ಟಿ ತುಂಬಿ ಮತ್ತೆ ತಿಕ್ಕಿದರು. ಪ್ರೈಮರ್ ಹಚ್ಚಿ ಮತ್ತೂ ತಿಕ್ಕಿದರು. ಬೀದರದಿಂದ ತಂದ ಆಯಿಲ್ ಪೇಂಟನ್ನು ತೆಳ್ಳಗೆ ಹಚ್ಚಿ, ಪೂರಾ ಒಣಗಿದ ಮೇಲೆ ಇನ್ನೊಂದು ಕೈ ಹಚ್ಚಿದರು.

"ದಪ್ಪ ಹಚ್ಚಿದ್ರ ಇಳೀತದ. ಗಡಬಡ ಮಾಡಿದ್ರ ಎದ್ದು ಬರ್ತದ" ಎಂದು ನನಗೇ ಪಾಠ.

"ಸಂತಪುರದ ರಸ್ತಾದ ತಗ್ಗಿನ್ಯಾಗ ಬಸ್ಸು ಕುಣಿಸಿದ ಕೈ ಇದೇ ಏನ್ರಿ?" ಎಂದು ಚೇಷ್ಟೆ ಮಾಡಿದೆ. ಆದರೆ ಮಾಳಿಗೆಯಿಂದ ಪಾಲಿಶ್ ಕಾಗದದ ಸದ್ದು ಬಂದಾಗಲೆಲ್ಲ ಕೆಳಗೆ ಕೂತು ಅತ್ತೆ. ಅದೂ ಈರುಳ್ಳಿಯ ಲೆಕ್ಕಕ್ಕೇ ಹೋಯಿತು.

ಬಣ್ಣ ಗಟ್ಟಿಯಾಗಲೆಂದು ಬಹಳ ದಿನ ಯಾರಿಗೂ ಮುಟ್ಟಗೊಡಲಿಲ್ಲ. ಕೊನೆಗೆ ಬಾಗಿಲು ಕೂಡಿಸಿದ ದಿನ ಬೇಳೆ ತೆಗೆಯಲು ಹೋದೆ. ಕೈ ಒಂದರ ಮೇಲಿಂದ ಇನ್ನೊಂದಕ್ಕೆ ಜಾರುತ್ತ ಹೋಯಿತು. ಎಲ್ಲವೂ ಒಂದೇ. ನಾನು ತಮ್ಮ ಕೆಲಸವನ್ನು ಮೆಚ್ಚಿ ಸವರುತ್ತಿದ್ದೇನೆ ಎಂದು ಅವರು ಅಂದುಕೊಂಡರು.

"ಹ್ಯಾಂಗದ? ಕೈಗಿ ಏನರ ಹತ್ತತದೇನು?"

"ಏನೂ ಹತ್ತಲ್ರಿ" ಅಂದೆ. ಅವರು ಹಿಂದೆಂದೂ ಅಷ್ಟು ಖುಷಿಯಿಂದ ನಕ್ಕದ್ದು ನನಗೆ ನೆನಪಿಲ್ಲ.

ಹಿಡಿಕೆ ಎಣಿಸಿಕೊಂಡು ನಡೆಸೋಣ ಅಂದುಕೊಂಡೆ. ಒಗ್ಗರಣೆ ಸೀಯುವಾಗ ಎಣಿಕೆ ಯಾರಿಗೆ ನೆನಪಿರುತ್ತದೆ? ಹಿಟ್ಟಿಗೆ ಹೋಗಿ ಬೆಲ್ಲ ಹಿಡಿದು ಬರುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ, ಯಾರಿಗೂ ತಿಳಿದಿಲ್ಲವೆಂದೇ ನಂಬಿದ್ದೆ.

ಒಂದು ಮಧ್ಯಾಹ್ನ ಹಾಗೆಯೇ ಬಾಗಿಲು ತಡವುತ್ತ ಹೋದಾಗ ಕೈಗೆ ಅಂಗಿಯ ಗುಂಡಿ ಹತ್ತಿತು. ಅನುಮಾನ ಬಂದು, ಬೇಕಂತಲೇ ಮಾತಾಡದೆ, ಅವರು ಕಪಾಟಿಗೆ ಬೆನ್ನು ಕೊಟ್ಟು ನಿಂತಿದ್ದರು.

"ಹಾಡಹಗಲಿ ನಿನ್ನ ಮುಂದೇ ನಿಂತೇನಿ. ಕಾಣಲಿಲ್ಲೇನು?"

ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ನನ್ನ ಕೈಯನ್ನು ಬಾಗಿಲ ಮೇಲಿಟ್ಟು, "ಮೊದಲ ಹ್ಯಾಂಗ ಗುರ್ತು ಹಿಡೀತಿದ್ದಿ?" ಎಂದು ಕೇಳಿದರು. ಗುಳ್ಳೆ, ಚಕ್ಕೆ, ಗೀಚು ಎಲ್ಲ ಹೇಳಿದೆ. ಕೇಳಿ ಹೊರಗೆ ಹೋದರು. ಮಗಳಿಗೆ ಫೋನು ಮಾಡಲು ಹೋದರೇನೋ, ಇಲ್ಲಿಗೆ ನನ್ನ ಅಡುಗೆಮನೆ ಮುಗಿಯಿತು ಎಂದುಕೊಂಡು ನೆಲದ ಮೇಲೆ ಕೂತೆ.

ತಿರುಗಿ ಬಂದವರು, "ಬ್ಯಾಳಿ ಬಾಗಲಕ್ಕ ಎಂಥ ಗುರ್ತು ಇರ್ಲಿ?" ಅಂದರು. ಸ್ಕ್ರೂಡ್ರೈವರ್ ತಂದಿದ್ದರು. ಹೊಸ ಬಣ್ಣದ ಮೇಲೆ ಅದನ್ನು ಕಿರ್ರೆಂದು ಎಳೆದ ಸದ್ದು ಕೇಳಿಸಿತು. ಎದ್ದು ಆ ಗೀರನ್ನು ಮುಟ್ಟಿ ನೋಡಿದೆ. ಬಹಳ ಹಗುರವಾಗಿತ್ತು. ಪಾಪ, ತಾವೇ ಹಚ್ಚಿದ ಬಣ್ಣವನ್ನು ಕೆಡಿಸಲು ಕೈ ಬಂದಿರಲಿಲ್ಲ.

"ಇನ್ನಾ ಆಳ ಹಾಕ್ರಿ" ಅಂದೆ. "ಜಿಡ್ಡು ತುಂಬಿದ್ರ ತಿಳಿಯಂಗಿಲ್ಲ. ಮುಂದ ಈ ಇಷ್ಟು ಬೆಳಕೂ ಇರಂಗಿಲ್ರಿ."

ಮತ್ತೆ ಶುರುವಾಗಿದ್ದ ಸದ್ದು ನಿಂತುಬಿಟ್ಟಿತು. ಉಳಿದದ್ದೂ ಹೋಗುತ್ತದೆಂದು ಅವರಿಗೆ ತಿಳಿದದ್ದು ಆಗಲೇ. ಮೂಗು ಎಳೆದುಕೊಂಡದ್ದು ಕೇಳಿಸಿತು. ಆಮೇಲೆ ಅವರು ಮತ್ತೆ ಕೊರೆಯತೊಡಗಿದರು, ಕಟ್ಟಿಗೆ ಸಿಗುವ ತನಕ.