ಭಾವನ ಕಚ್ಚೆ, ನನ್ನ ಕೈಗುಣ

ಚಿತ್ತಾಪುರದಲ್ಲಿ ಮದುವೆ, ಮುಂಜಿವೆ ಎಂದರೆ ಅಡಿಗೆಗೆ ನನ್ನ ಭಾವ ಆನಂದತೀರ್ಥರೇ ಬೇಕು. ನಲವತ್ತು ವರ್ಷ ಹುಳಿಯ ಕೊಪ್ಪರಿಗೆ ತಿರುವಿ ತಿರುವಿ ಅವರ ಬಲಭುಜದ ಕೀಲು ಸವೆದುಹೋಯಿತು. ಕಲಬುರ್ಗಿಯಲ್ಲಿ ಹೊಸ ಕೀಲು ಕೂಡಿಸಿದರು. ಕೀಲಿನವರೆಗೆ ಹೋಗಲು ಭುಜದ ಮುಂದಿನ ಸ್ನಾಯುರಜ್ಜು ಕತ್ತರಿಸಿ, ಕೊನೆಗೆ ಮತ್ತೆ ಹೊಲಿದಿದ್ದರು.

“ಆ ಹೊಲಿಗಿ ಕೂಡೋತನಕ ಕೈ ಬೆನ್ನ ಹಿಂದ ಹೋಗಬಾರ್ದು ನೋಡ್ರಿ,” ಎಂದಿದ್ದರು ಡಾಕ್ಟರ್ ಜಬೀನಾ. “ಹರದ್ರ ಕೈಯಾಗ ತಾಕತ್ತು ಉಳಿಯಂಗಿಲ್ಲ.”

“ಸೌಟು?” ಎಂದಿದ್ದರು ಭಾವ.

“ಸೌಟೂ ಎತ್ತಾಕಾಗಂಗಿಲ್ಲ.”

ಭಾವ ಉಡುವುದು ಕಚ್ಚೆಪಂಚೆ. ಕಚ್ಚೆ ಸಿಕ್ಕಿಸುವುದೋ ಬೆನ್ನ ಹಿಂದೆಯೇ. ಹೆಂಡತಿಯಿಂದ, ಅಂದರೆ ನನ್ನ ಅಕ್ಕ ಪದ್ಮಜಾಳಿಂದ, ಕಟ್ಟಿಸಿಕೊಳ್ಳಲು ನಾಚಿಕೆ. ಹೀಗಾಗಿ ಆ ಕೆಲಸ ನನಗೆ ಬಂತು. ನಾನು ಪ್ಯಾಂಟು ತೊಡುವ ಗುಮಾಸ್ತ. ನನ್ನ ಲಗ್ನದ ದಿನ ನನ್ನ ಕಚ್ಚೆಯನ್ನೂ ಇವರೇ ಕಟ್ಟಿದ್ದರು.

“ಬಿಗಿ ಅದ ಏನೋ, ಪ್ರಾಣೇಶ?” ಎಂದು ದಿನಾ ಕೇಳುತ್ತಿದ್ದರು.

“ಎಳದ್ರೂ ಬಿಚ್ಚಂಗಿಲ್ರಿ, ಭಾವಾ.”

ಐದನೆಯ ವಾರ ಭಾವ ಅಂಗಳದಲ್ಲಿ ಪೂಜೆಗೆ ಹೂ ಬಿಡಿಸುವಾಗ, ಪಕ್ಕದ ಮನೆಯ ಬಸ್ಸಮ್ಮನ ಎದುರಿಗೇ ಕಚ್ಚೆ ಬಿಚ್ಚಿತು. ಹಳೆಯ ರೂಢಿ: ಭಾವನ ಬಲಗೈ ಕೊರಳಿಗೆ ಕಟ್ಟಿದ್ದ ಪಟ್ಟಿಯಿಂದ ಕಿತ್ತುಕೊಂಡು, ಕಚ್ಚೆ ಹಿಡಿಯಲು ಹಿಂದಕ್ಕೆ ಹಾರಿತು. ಟಪ್ ಎಂದಿತು.

“ಹರೀತು,” ಎಂದರು, ಬಿಳಿಚಿಕೊಂಡು. “ಪ್ರಾಣೇಶ, ಹರೀತೋ.”

ಜೀಪಿನಲ್ಲಿ ಕಲಬುರ್ಗಿ ಮುಟ್ಟುವತನಕ ಭಾವ ಬಲಗೈಯನ್ನು ಎಡಗೈಯಲ್ಲಿ ಯಾರದೋ ಕೂಸಿನಂತೆ ಹಿಡಿದು ಕೂತಿದ್ದರು. ಅಕ್ಕ ನನ್ನ ಕಡೆ ತಿರುಗಿ ಅಂದಳು: “ಐದು ವಾರ ಕಟ್ಟಿದಿ. ಒಂದಿನಾನೂ ನೆಟ್ಟಗ ಕಟ್ಟಲಿಲ್ಲಲ್ಲೋ!”

ಊರಿಗೆಲ್ಲ ಉಣಿಸಿದ ಕೈಯನ್ನು ಒಂದು ಕಚ್ಚೆಯಲ್ಲಿ ಮುಗಿಸಿಬಿಟ್ಟೆನೆ?

ಡಾಕ್ಟರ್ ಸ್ಕ್ಯಾನ್ ಮಾಡಿದರು. ಬಳಿಕ, “ಹೊಟ್ಟಿ ಮ್ಯಾಲ ಅಂಗೈ ಇಟ್ಟು ಮೆಲ್ಲಗ ಒತ್ರಿ,” ಎಂದರು. ಭಾವ ಒತ್ತಿದರು. ಮೊಣಕೈ ಹಿಂದಕ್ಕೆ ಜಾರಲಿಲ್ಲ.

“ಮೊಣಕೈ ಜಾರಿಲ್ಲ, ಹೊಲಿಗಿ ಗಟ್ಟಿ ಅದ. ಟಪ್ ಅಂದದ್ದು ಪಟ್ಟಿ ಬಕಲ್. ನೋಡ್ರಿ, ಮುರದದ.”

“ತಾಕತ್ತು ಪೂರಾ ಬರ್ತದೇನ್ರಿ?”

“ಪೂರಾ ಅಂತ ಮಾತು ಕೊಡಂಗಿಲ್ಲ. ಬೆನ್ನ ಹಿಂದಿನ ಬಲ ಎಲ್ಲಾದಕ್ಕಿಂತ ಕೊನಿಗೆ ಬರ್ತದ. ಇನ್ನೊಮ್ಮೆ ಹಿಂಗ ಎಳದ್ರ ಅದೂ ಇಲ್ಲ.”

ಮರುದಿನ ಬೆಳಿಗ್ಗೆ ಹೋದೆ. ಭಾವ ಪಂಚೆಯನ್ನು ಎಡಗೈಯಲ್ಲಿ ಹಿಡಿದು, ಗೋಡೆಗೆ ಬೆನ್ನು ಆನಿಸಿ ನಿಂತಿದ್ದರು. ಒಂದು ಹೆಜ್ಜೆ ಮುಂದಿಟ್ಟೆ.

“ಅಲ್ಲೇ ನಿಂದ್ರೋ!” ಎಂದು ಚೀರಿದರು. ಆಮೇಲೆ ಅಡಿಗೆಮನೆಯ ಕಡೆ ತಿರುಗಿ, ಸಣ್ಣ ದನಿಯಲ್ಲಿ: “ಪದ್ದೂ... ಇವನ್ನ ಹೊರಗ ಹಾಕು. ನೀನೇ ಬಂದು ಕಟ್ಟು.”